ಟೊಪ್ಪಿಗೆಯ ಮೇಲಿನ ಸೆರಗು

ನಮ್ಮ ಕಡೆ ಸೊಸೆ ಒಳ್ಳೆಯವಳೋ ಕೆಟ್ಟವಳೋ ಎಂದು ನೋಡಲು ಇರುವುದು ಒಂದೇ ಅಳತೆ. ಹಿರಿಯರು ಎದುರು ಬಂದಾಗ ಅವಳು ಎಷ್ಟು ಬೇಗ ದಾರಿ ಬಿಟ್ಟು ಸರಿಯುತ್ತಾಳೆ ಎಂಬುದು. ಬೇಗ ಸರಿದರೆ ಒಳ್ಳೆಯವಳು, ಅವಳ ಸಾರಿಗೆ ಉಪ್ಪಿಲ್ಲದಿದ್ದರೂ ನಡೆಯುತ್ತದೆ. ಟ್ರಾಫಿಕ್ಕಿನ ಕೆಲಸ ಇದಕ್ಕೆ ಪೂರಾ ಉಲ್ಟಾ. ದಾರಿಗೆ ಅಡ್ಡ ನಿಲ್ಲಬೇಕು, ಯಾರು ಬಂದರೂ ಸರಿಯಬಾರದು. ಈ ಎರಡನ್ನೂ ಒಬ್ಬಳ ಮೈಮೇಲೆ ಹಾಕುವ ಮೊದಲು ಯಾರಾದರೂ ಯೋಚಿಸಬೇಕಿತ್ತು. ಸರಕಾರ ಯೋಚಿಸಲಿಲ್ಲ, ಹೋಗಲಿ, ಅದಕ್ಕೆ ಸೊಸೆಯರಿಲ್ಲ. ನನಗೆ ಇಬ್ಬರಿದ್ದಾರೆ. ಆದರೂ ಯೋಚಿಸಲಿಲ್ಲ.

ಹೋಂಗಾರ್ಡ್ ಆದವಳು ನನ್ನ ಸಣ್ಣ ಸೊಸೆ ಹುಲಿಗೆವ್ವ, ಅಂದರೆ ಸಣ್ಣ ಮಗ ಗವಿಸಿದ್ದನ ಹೆಂಡತಿ. ತವರು ತಳಕಲ್. ಹೋಂಗಾರ್ಡ್ ಎಂದರೆ ಪೂರಾ ಪೊಲೀಸ್ ಅಲ್ಲ. ಖಾಕಿ ಅದೇ, ಬೂಟು ಅದೇ, ಬಿಸಿಲೂ ಅದೇ. ಆದರೆ ಕರೆದಾಗ ಹೋಗಬೇಕು, ಬೇಡವೆಂದಾಗ ಮನೆಯಲ್ಲಿರಬೇಕು. ಹೊಲದ ಕೂಲಿಯ ಹಾಗೆಯೇ, ಕಳೆ ಇದ್ದರೆ ಕರೆ ಬರುತ್ತದೆ. ಇಲೆಕ್ಷನ್ನಿಗೆ ಕರೆಯುತ್ತಾರೆ, ಹಬ್ಬಕ್ಕೆ ಕರೆಯುತ್ತಾರೆ, ಸಂತೆಯ ದಿನ ಗಾಡಿಗಳಿಗೆ ಕೈ ತೋರಿಸಲು ಕರೆಯುತ್ತಾರೆ. ನಾನು ಒಮ್ಮೆ ಅವಳನ್ನು ಕೇಳಿದೆ, “ಅಲ್ಲವಾ, ಕಳಿ ತಗಿಯಾಕ ಹೋದ್ರೂ ಬಿಸಲು, ಇಲ್ಲಿ ನಿಂತ್ರೂ ಬಿಸಲು. ಇದ್ರಾಗ ನಿನಗ ಏನು ಛಲೋ ಕಾಣ್ತೈತಿ?” ಅವಳು ಹೇಳಿದಳು, “ಅಲ್ಲಿ ದಿನಾ ಬಗ್ಗಿರಬೇಕ್ರಿ ಅತ್ತಿ. ಇಲ್ಲಿ ನೆಟ್ಟಗ ನಿಂತ್ರ ಸಾಕು.” ಆ ಮಾತು ನನಗೆ ಸರಿ ಎನಿಸಿತು. ನನ್ನ ಬೆನ್ನು ಬಗ್ಗಿದ್ದು ಬಗ್ಗಿಯೇ ಹೋಗಿದೆ, ಇನ್ನು ನೆಟ್ಟಗಾಗುವುದಿಲ್ಲ. ಇವಳದಾದರೂ ಇರಲಿ ಎಂದು ಗವಿಸಿದ್ದನಿಗೆ ನಾನೇ ಹೇಳಿ ಒಪ್ಪಿಸಿದೆ.

ಖಾಕಿ ಹಾಕಿಕೊಂಡು ಅವಳು ಮೊದಲ ಸಲ ಒಳಗಿನಿಂದ ಬಂದ ದಿನ ಪಡಸಾಲೆಯಲ್ಲಿ ನನ್ನ ದೊಡ್ಡ ಮಗ ಕನಕಪ್ಪ ಕೂತಿದ್ದ. ಅವನ ಮನೆ ಬೇರೆ, ನಮ್ಮ ಓಣಿ ದಾಟಿದರೆ ಸಿಗುತ್ತದೆ. ಆದರೆ ಸಂತೆಯಿಂದ ಬರುವಾಗ ನಮ್ಮ ಮನೆಗೆ ಬಂದು ಹುಲಿಗೆವ್ವ ಬಡಿದ ರೊಟ್ಟಿ, ಪುಂಡಿಪಲ್ಲೆ ತಿಂದು ಹೋಗುವುದು ಅವನ ರೂಢಿ. ಗಂಡನ ಅಣ್ಣ ಎಂದರೆ ಭಾವ, ಭಾವನ ಎದುರು ತಲೆಯ ಮೇಲೆ ಸೆರಗಿಲ್ಲದೆ ನಿಲ್ಲುವುದು ನಮ್ಮಲ್ಲಿ ಇಲ್ಲ. ಅವನನ್ನು ಕಂಡೊಡನೆ ಹುಲಿಗೆವ್ವನ ಬಲಗೈ ಸೆರಗು ಎಳೆಯಲು ಮೇಲೆ ಹೋಯಿತು. ಮೈಮೇಲೆ ಸೀರೆಯೇ ಇಲ್ಲ, ಸೆರಗು ಎಲ್ಲಿಂದ ಬರಬೇಕು? ಕೈ ಟೊಪ್ಪಿಗೆಗೆ ತಾಗಿ ಅಲ್ಲಿಯೇ ನಿಂತಿತು. ಕನಕಪ್ಪ ಗಾಬರಿಯಾಗಿ ಹೊರಸಿನಿಂದ ಎದ್ದು ನಿಂತು ತಾನೂ ಒಂದು ಸೆಲ್ಯೂಟ್ ಹೊಡೆದ. ನಾವೆಲ್ಲ ನಕ್ಕೆವು, ಅವನೂ ನಕ್ಕ. ಅವನು ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ನಕ್ಕದ್ದು ಅದೇ ಕಡೆಯದು ಎಂದು ಆಗ ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ನಗಿಸುತ್ತಿದ್ದೆ.

ಅವಳನ್ನು ನಿಲ್ಲಿಸಿದ್ದು ಯಲಬುರ್ಗಾದಲ್ಲಿ, ಸಂತೆಗೆ ಹೋಗುವ ದಾರಿಯ ಸರ್ಕಲ್ಲಿನಲ್ಲಿ. ಊರ ಕಡೆಯವರಾದರೆ ಜನ ಮಾತು ಕೇಳುತ್ತಾರೆ ಎಂದು ಠಾಣೆಯ ಹವಾಲ್ದಾರರ ಲೆಕ್ಕ. ಗಂಗಾವತಿಗೋ ಕನಕಗಿರಿಗೋ ಹಾಕಿದ್ದರೆ ಅಲ್ಲಿ ಅವಳಿಗೆ ಒಬ್ಬ ಮಾವನೂ ಇಲ್ಲ, ನಿಶ್ಚಿಂತೆಯಿಂದ ಕೈ ಬೀಸುತ್ತಿದ್ದಳು. ಆದರೆ ಯಲಬುರ್ಗಾದ ಸಂತೆಗೆ ನಮ್ಮ ಮಂಗಳೂರಿನವರೆಲ್ಲ ಬರುತ್ತಾರೆ. ಕಡಲ ದಂಡೆಯ ಮಂಗಳೂರಲ್ಲ, ನಮ್ಮದು ಜೋಳದ ಹೊಲದ ದಂಡೆಯದು. ಗಂಡನ ಊರಿನ ಗಂಡಸರೆಲ್ಲ ಸೊಸೆಯಾದವಳಿಗೆ ಮಾವ, ಇಲ್ಲವೇ ಭಾವ. ಜಾತಿ ಬೇರೆಯಾದರೂ ಸರಿ, ಮಾತಿಗೆ ಮಾವನೇ. ಒಬ್ಬ ಮಾವ ಮೋಟಾರ್ ಸೈಕಲ್ ಮೇಲೆ ಬಂದ ಎಂದರೆ ತಡೆಯಲು ಎತ್ತಿದ ಹುಲಿಗೆವ್ವನ ಕೈ ತನ್ನಷ್ಟಕ್ಕೆ ಟೊಪ್ಪಿಗೆಗೆ ಹೋಗುತ್ತಿತ್ತು, ಕಾಲು ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಮಾವ ಹೋಗುತ್ತಿದ್ದ. ಅವನ ಹಿಂದಿದ್ದವರು ಇದು ನಮಗೂ ಸಿಕ್ಕ ಪರವಾನಗಿ ಎಂದುಕೊಂಡು ಸಾಲಾಗಿ ನುಗ್ಗುತ್ತಿದ್ದರು.

ತಳಕಲ್ಲಿನವರದು ಇನ್ನೊಂದು ಥರ. ಅವರಿಗೆ ಇವಳು ಮನೆಮಗಳು, ಹೆದರಿಕೆಯಿಲ್ಲ. ಹೋಗಿರಿ ಎಂದು ಕೈ ಮಾಡಿದರೂ ಹೋಗುತ್ತಿರಲಿಲ್ಲ. ನಡು ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿ, “ಯವ್ವಾ ಹುಲಿಗೆವ್ವಾ, ಭಾಳ ಸೊರಗೀಯಲ್ಲ, ಅತ್ತಿ ಹೊಟ್ಟಿಗಿ ಹಾಕ್ತಾಳೋ ಇಲ್ಲೋ” ಎಂದು ವಿಚಾರಿಸುತ್ತಿದ್ದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದರೆ, “ತಡಿಯೋ ತಮ್ಮಾ, ಮಗಳ ಕೂಡ ಮಾತಾಡಾಕತ್ತೀನಿ” ಎಂದು ಅವನಿಗೇ ಬುದ್ಧಿ ಹೇಳುತ್ತಿದ್ದರು. ಹೀಗೆ ನನ್ನ ಸೊಸೆ ನಿಲ್ಲು ಎಂದರೆ ಅರ್ಧ ಸಂತೆ ಹೋಗುತ್ತಿತ್ತು, ಹೋಗು ಎಂದರೆ ಇನ್ನರ್ಧ ನಿಲ್ಲುತ್ತಿತ್ತು.

ಒಂದು ಸಂತೆಯ ದಿನ ಮೋಟಾರ್ ಸೈಕಲ್ ಮೇಲೆ ಕನಕಪ್ಪನೇ ಬಂದ. ಅವಳ ಕೈ ಟೊಪ್ಪಿಗೆಗೆ ಹೋಯಿತು. ಅವನ ಬೆನ್ನಿಗೇ ಮೇವು ಹೇರಿದ ಟ್ರ್ಯಾಕ್ಟರ್ ನುಗ್ಗಿತು. ಎದುರಿನಿಂದ ಬಸ್ಸು ಬಂತು. ಎರಡೂ ಮೂತಿಗೆ ಮೂತಿ ಹಚ್ಚಿ ನಿಂತವು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಹಿಂದೆ ಸರಿಯಲು ಇಬ್ಬರಿಗೂ ಜಾಗವಿಲ್ಲ, ಇದ್ದರೂ ಮನಸ್ಸಿಲ್ಲ. ಬಸ್ಸಿನಲ್ಲಿ ನಾನೂ ಇದ್ದೆ. ಕಿಟಕಿಯಿಂದ ನೋಡುತ್ತೇನೆ, ಸೊಸೆ ಟೊಪ್ಪಿಗೆಯ ಮೇಲೆ ಕೈಯಿಟ್ಟುಕೊಂಡು ಕಲ್ಲಾಗಿ ನಿಂತಿದ್ದಾಳೆ. ಹವಾಲ್ದಾರರು ಓಡಿ ಬಂದು ಮೇವನ್ನು ಅರ್ಧ ಇಳಿಸಿ ದಾರಿ ಮಾಡಿಸುವಷ್ಟರಲ್ಲಿ ಒಂದು ಎಮ್ಮೆ ಆ ಅರ್ಧಕ್ಕೆ ಬಾಯಿ ಹಾಕಿತ್ತು.

ಇಳಿದು ಹೋಗಿ ನಾನು ಕೈ ಮುಗಿದೆ. ಹವಾಲ್ದಾರರು ಬೆವರು ಒರೆಸಿಕೊಳ್ಳುತ್ತಾ ಕೇಳಿದರು, “ಯಮ್ಮಾ, ನಿಮ್ಮ ಊರಾಗ ಈಕಿಗೆ ಎಷ್ಟು ಮಂದಿ ಮಾವಂದಿರು ಅದಾರ?”

“ಊರಿಗೂರ ಮಾವಂದಿರ್ರಿ ಸಾಹೇಬ್ರ.”

“ಹಂಗಾರ ಮುಂದಿನ ಸಂತಿಗೆ ನೋಡ್ತೀನಿ. ಮತ್ತ ಹಿಂಗ ಆತಂದ್ರ ಬ್ಯಾರೆದಾಕಿನ್ನ ಕರಸ್ತೀನಿ. ಈಕಿನ್ನ ಮನ್ಯಾಗ ಇಟಗೋರಿ, ಮಾವಂದಿರಿಗೆ ನೀರು ಕೊಟಗೋಂತ ಇರ್ಲಿ.”

ಊರಿಗೆ ಬಸ್ಸಿನಲ್ಲಿ ಬರುವಾಗ ಹುಲಿಗೆವ್ವ ನನ್ನ ಪಕ್ಕದಲ್ಲಿ ಬಗ್ಗಿ ಕೂತಿದ್ದಳು. ಅದು ನನಗೆ ಸರಿ ಬರಲಿಲ್ಲ.

ಮನೆಗೆ ಬಂದು ಹೇಳಿದೆ, “ಸರ್ಕಲ್‌ದಾಗ ನಿನಗ ಮಾವ ಇಲ್ಲ, ಭಾವ ಇಲ್ಲ, ನಾನೂ ಇಲ್ಲ. ಯಾರು ಬಂದ್ರೂ ಕೈ ತೋರ್ಸು.” ಅವಳೆಂದಳು, “ನನಗ ತಿಳಿತೈತ್ರಿ ಅತ್ತಿ. ಕೈಗೆ ತಿಳಿವಲ್ದು.” ಕೈಗೆ ತಿಳಿಸಬೇಕಾದರೆ ರೂಢಿ ಮಾಡಿಸಬೇಕು, ಎತ್ತಿಗೆ ನೊಗದ ರೂಢಿ ಮಾಡಿಸುವುದಿಲ್ಲವೇ ಹಾಗೆ. ಅಂಗಳದಲ್ಲಿ ಅವಳನ್ನು ನಿಲ್ಲಿಸಿದೆ. ನಾನು ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಮೋಟಾರ್ ಸೈಕಲ್ ನಡೆಸುತ್ತಾ ಬಂದೆ. ಗವಿಸಿದ್ದ ಲಾರಿಯಾದ. ಅವಳು ಸಲೀಸಾಗಿ ಕೈ ತೋರಿಸಿ ನಿಲ್ಲಿಸಿದಳು. “ನೀವು ಭಾವಾರಂಗ ಕಾಣಂಗಿಲ್ರಿ, ಅದಕ್ಕ ಬಂತು” ಎಂದಳು. ಆಗ ಗೂಟದ ಮೇಲಿದ್ದ ನನ್ನ ಗಂಡನ ರುಮಾಲು ತೆಗೆದು ತಲೆಗೆ ಸುತ್ತಿಕೊಂಡೆ. ಅವರು ಸತ್ತಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ, ಜೇಡ ಗೂಡು ಕಟ್ಟಿತ್ತು. ರುಮಾಲು ಸುತ್ತಿಕೊಂಡು ಬಂದೊಡನೆ ಅವಳ ಕೈ ತಲೆಗೆ ಹೋಯಿತು. ಸತ್ತ ಮಾವನ ರುಮಾಲಿಗೇ ಇಷ್ಟು ಮರ್ಯಾದೆ. ಬದುಕಿದ್ದಾಗ ಅವರಿಗೆ ನಾನು ಇಷ್ಟು ಕೊಟ್ಟಿರಲಿಲ್ಲ.

ಓಣಿಯವರು ಗೋಡೆಯ ಮೇಲಿನಿಂದ ನೋಡಿ ನಗುತ್ತಿದ್ದರು. “ಮುದುಕಿಗೆ ಗಾಡಿ ಚಾಲು ಆಗೇತಿ, ಲೈಸನ್ಸ್ ಐತೇನು ಕೇಳ್ರಿ” ಎಂದ ಒಬ್ಬ. ನಗಲಿ ಎಂದು ಬಿಟ್ಟು ಮತ್ತೆ ಮತ್ತೆ ಬಂದೆ. ಕಡೆಗೆ ಬಲಗೈಗೆ ಒಂದು ದಪ್ಪ ಕೋಲು ಕೊಟ್ಟೆ, ಕೋಲು ಹಿಡಿದ ಕೈ ತಲೆಗೆ ಹೋದರೆ ಟೊಪ್ಪಿಗೆಗೆ ಬಡಿಯುತ್ತದೆ ಎಂದು. ಎರಡು ಸಲ ಬಡಿಯಿತು. ಮೂರನೆಯ ಸಲ ಕೈ ನೆಟ್ಟಗೆ ನಿಂತಿತು. ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದೆ. ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ.

ಮುಂದಿನ ಸಂತೆಗೆ ಕನಕಪ್ಪ ಬಂದ. ಒಬ್ಬನೇ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ. ಹಿಂದೆ ಅವನ ಬೀಗರು ಕೂತಿದ್ದರು, ಅವನ ಮಗಳನ್ನು ತಂದುಕೊಂಡ ಮನೆಯ ಹಿರಿಯರು. ಹುಲಿಗೆವ್ವ ಕೈ ತೋರಿಸಿದಳು. ಅವನು ರೂಢಿಯಂತೆ ಮುಂದೆ ಬಂದ. ಅವಳು ಸೀಟಿ ಊದಿದಳು. ಹೆಣ್ಣುಮಕ್ಕಳು ಸಿಳ್ಳು ಹಾಕಬಾರದು ಎಂದು ನಮ್ಮಲ್ಲಿ ಹುಟ್ಟಿನಿಂದ ಹೇಳಿ ಬೆಳೆಸುತ್ತೇವೆ. ಆ ಸೀಟಿ ಇಡೀ ಸಂತೆಗೆ ಕೇಳಿತು. ಅವನು ಬ್ರೇಕ್ ಹಾಕಿದ. ಬಿಸಿಲಲ್ಲಿ ನಿಂತ. ಬೀಗರು ಹಿಂದಿನಿಂದ ಮೆಲ್ಲಗೆ ಕೇಳಿದರಂತೆ, “ಈಕಿ ನಿಮ್ಮ ತಮ್ಮನ ಹೇಣ್ತಿ ಅಲ್ಲೇನ್ರಿ?”

ಹವಾಲ್ದಾರರು ಹುಲಿಗೆವ್ವನಿಗೆ ಶಹಬ್ಬಾಸ್ ಎಂದರು. ಅವಳ ಜಾಗ ಗಟ್ಟಿಯಾಯಿತು. ಅಂದು ಕನಕಪ್ಪ ರೊಟ್ಟಿಗೆ ಬರಲಿಲ್ಲ, ಮರು ಸಂತೆಗೂ ಬರಲಿಲ್ಲ. ಎಳ್ಳಮಾವಾಸ್ಯೆಗೆ ಬೆಳೆಗೆ ಎಡೆ ಎರಚುವ ಚರಗ ಚೆಲ್ಲಲು ಹೊಲಕ್ಕೆ ಬಂದ, ಹೊಲ ಇಬ್ಬರದೂ ಆದ್ದರಿಂದ. ಆದರೆ ನಾವು ಬನ್ನಿಮರದ ಕೆಳಗೆ ಬುತ್ತಿ ಬಿಚ್ಚಿದರೆ ಅವನು ದೂರದ ಬೇವಿನ ಮರದ ಕೆಳಗೆ ಬಿಚ್ಚಿದ. ಹುಲಿಗೆವ್ವ ಸಜ್ಜೆಯ ಕಡುಬು ಕೊಟ್ಟು ಬರಲು ಹೋದಳು, ತಲೆಯ ಮೇಲೆ ಹಣೆಯ ತನಕ ಸೆರಗು ಹೊದ್ದು. ಅವನು ತೆಗೆದುಕೊಳ್ಳಲಿಲ್ಲ.

ನಾನು ಎದ್ದು ಹೋಗಿ ಬೈದೆ. “ಅನ್ನದ ಮ್ಯಾಲೆ ಸಿಟ್ಟು ಮಾಡ್ತಿಯೇನೋ? ಆಕಿ ಮಾಡಿದ್ದು ಸರ್ಕಾರದ ಕೆಲಸ.”

“ಮಾಡ್ಲಿ, ಯಾರು ಬ್ಯಾಡಂದ್ರು. ಆದ್ರ ರಸ್ತಾದಾಗ ಕೈ ತೋರ್ಸತಾಳ, ಇಲ್ಲಿ ಸೆರಗು ಹೊದ್ದು ನಿಲ್ತಾಳ. ಎರಡರಾಗ ಯಾವುದು ಖರೇ ಯವ್ವಾ? ಅದನ್ನ ಹೇಳು, ಕಡಬು ತಿಂತೀನಿ.”

ಎರಡೂ ಖರೇ ಎಂದೆ. “ಹಂಗ ಇರಾಕ ಬರಂಗಿಲ್ಲ” ಎಂದ. ಕಡುಬನ್ನು ನಾನೇ ತಿಂದೆ, ಹಾಳು ಮಾಡುವುದು ಯಾಕೆ ಎಂದು. ಅದರಲ್ಲಿ ಎಳ್ಳು ಹೆಚ್ಚಾಗಿತ್ತು ಎಂದು ಹುಲಿಗೆವ್ವನಿಗೆ ಬೈದೆ. ಯಾರಿಗಾದರೂ ಬೈಯಬೇಕಲ್ಲ.

ಅಂದಿನಿಂದ ಕನಕಪ್ಪ ಯಲಬುರ್ಗಾಕ್ಕೆ ಹೋದರೆ ಸರ್ಕಲ್ ಬಿಟ್ಟು ಹಿಂದಿನ ಓಣಿ ಹಿಡಿಯುತ್ತಾನೆ ಎಂದು ಸುದ್ದಿ ಬಂತು. ಸಿಕ್ಕವರಿಗೆಲ್ಲ ನಾನು ಅವನ ದೊಡ್ಡಸ್ತಿಕೆಯ ಕಥೆ ಹೇಳಿದೆ. ಒಂದು ಗಳಿಗೆ ಬಿಸಿಲಲ್ಲಿ ನಿಂತರೆ ಗಂಡಸಿನ ಮೀಸೆ ಉದುರಿ ಬೀಳುತ್ತದೆಯೇ ಎಂದೆ. ಕಾಯಿದೆ ಎಂದರೆ ಎಲ್ಲರಿಗೂ ಒಂದೇ ಎಂದೆ. ಹೇಳಲು ಬಹಳ ಹಗುರಾಗಿತ್ತು. ನನಗೆ ಮೀಸೆಯೂ ಇರಲಿಲ್ಲ, ಗಾಡಿಯೂ ಇರಲಿಲ್ಲ.

ಈ ಬೇಸಿಗೆಯಲ್ಲಿ ಮೊಣಕಾಲಿನ ಔಷಧಕ್ಕೆಂದು ಮೂರು ಗಾಲಿಯ ಟಂಟಂ ಹತ್ತಿ ಯಲಬುರ್ಗಾಕ್ಕೆ ಹೊರಟೆ. ಒಳಗೆ ನಮ್ಮ ಊರಿನವರೇ ತುಂಬಿದ್ದರು. ಸರ್ಕಲ್ಲಿಗೆ ಬಂದಾಗ ಹುಲಿಗೆವ್ವ ನಿಂತಿದ್ದಳು, ಕೊಡೆಯ ಕಡ್ಡಿಯ ಹಾಗೆ ನೆಟ್ಟಗೆ. ನೋಡಿ ಎದೆ ಉಬ್ಬಿತು. ಅವಳು ನಮ್ಮ ಟಂಟಂಗೆ ಕೈ ತೋರಿಸಿದಳು. ಡ್ರೈವರ್ ನಿಲ್ಲಿಸಿದ. ತಗಡಿನ ಕೆಳಗೆ ಕೂತವರೆಲ್ಲ ಬೇಯತೊಡಗಿದರು. ನನ್ನ ಪಕ್ಕದವಳು ನನ್ನ ಕಡೆ ನೋಡಿ, “ನಿನ್ನ ಸೊಸಿ ಅಲ್ಲೇನಬೇ? ನಿನ್ನೂ ನಿಂದ್ರಸ್ಯಾಳಲ್ಲ” ಎಂದಳು. ಎಲ್ಲರೂ ನನ್ನನ್ನೇ ನೋಡಿದರು. ಕಾಯಿದೆ ಎಲ್ಲರಿಗೂ ಒಂದೇ ಎಂಬ ನನ್ನ ಮಾತು ಆಗ ಎಲ್ಲಿ ಹೋಗಿತ್ತೋ. ಬಾಯಿಂದ ಬಂದದ್ದು ಬೇರೆ. “ಹೋಗಪ್ಪ ನೀನು, ಆಕಿ ನಮ್ಮಾಕಿನ. ಏನೂ ಅನ್ನಂಗಿಲ್ಲ” ಎಂದೆ ಡ್ರೈವರನಿಗೆ.

ಅವನು ಅರ್ಧ ಮಾರು ಮುಂದೆ ತಂದಿರಬಹುದು. ಸೀಟಿ ಕೇಳಿತು. ಹುಲಿಗೆವ್ವ ನಡೆದು ಬಂದಳು, ಕೋಲಿನಿಂದ ತಗಡಿಗೆ ಟಣ್ ಎಂದು ಬಡಿದಳು, ನಾನು ಕೊಟ್ಟಿದ್ದ ಅದೇ ದಪ್ಪ ಕೋಲು. ಒಳಗೆ ಬಗ್ಗಿ ನೋಡಿ ನನ್ನನ್ನು ಕಂಡಳು. ಅವಳ ಕೈ ಎಲ್ಲಿಗೂ ಹೋಗಲಿಲ್ಲ. “ಒಂಚೂರು ತಡೀರಿ ಅತ್ತಿ. ಬಸ್ ಹೋಗ್ಲಿ” ಎಂದಳು, ಎಲ್ಲರಿಗೂ ಹೇಳುವ ದನಿಯಲ್ಲೇ. ನನ್ನ ಕೈ ತನ್ನಷ್ಟಕ್ಕೆ ಮೇಲೆ ಹೋಗಿ ನನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಟಂಟಂ ತುಂಬ ನಗೆ.

ಔಷಧ ಮರೆತು ಊರಿಗೆ ಬಂದವಳು ನೆಟ್ಟಗೆ ಕನಕಪ್ಪನ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅವನು ತಂಬಿಗೆಯಲ್ಲಿ ನೀರು ತಂದುಕೊಟ್ಟು ಕೇಳಿದ, “ಬಿಸಲು ಭಾಳ ಇತ್ತೇನಬೇ?”

“ಇತ್ತು.”

“ಇರತೈತಿ ಅಲ್ಲಿ” ಎಂದ. ಅವನಿಗೆ ಬೈಯಲು ಕೂಡಿಟ್ಟಿದ್ದ ಮಾತುಗಳು ಎಷ್ಟೋ ಇದ್ದವು. ನೀರು ಕುಡಿದು ಖಾಲಿ ತಂಬಿಗೆ ಅವನ ಕೈಗಿಟ್ಟೆ. ಮನೆಗೆ ಬಾ ಎಂದೂ ಹೇಳದೆ ಎದ್ದು ಬಂದೆ.

ಹುಲಿಗೆವ್ವನ ಜಾಗ ಗಟ್ಟಿಯಾಗಿಯೇ ಇದೆ. ಮನೆಯಲ್ಲಿ ಸೆರಗು ಹೊದ್ದು ರೊಟ್ಟಿ ಬಡಿಯುತ್ತಾಳೆ, ಕನಕಪ್ಪನ ಪಾಲಿನದು ಎಂದು ಸಂತೆಯ ದಿನ ಎರಡು ಹೆಚ್ಚಿಗೆ ಬಡಿಯುತ್ತಾಳೆ. ಮರುದಿನ ಅವು ಎಮ್ಮೆಗೆ ಹೋಗುತ್ತವೆ. ನಾನು ಈಗ ಯಲಬುರ್ಗಾಕ್ಕೆ ಹೋದರೆ ಸರ್ಕಲ್ಲಿಗಿಂತ ಮೊದಲೇ ಇಳಿದು, ನೆರಳು ಚೆನ್ನಾಗಿದೆ ಎಂದು ಹೇಳಿ ಹಿಂದಿನ ಓಣಿ ಹಿಡಿಯುತ್ತೇನೆ. ಅಲ್ಲಿ ಒಮ್ಮೊಮ್ಮೆ ಕನಕಪ್ಪನ ಮೋಟಾರ್ ಸೈಕಲ್ ಸಿಗುತ್ತದೆ. ಯಾಕೆ ಈ ದಾರಿ ಎಂದು ಅವನು ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಹತ್ತು ಎನ್ನುತ್ತಾನೆ, ಹತ್ತುತ್ತೇನೆ. ಓಣಿ ಬಹಳ ಇಕ್ಕಟ್ಟು. ಎದುರಿಗೆ ಒಂದು ಟ್ರ್ಯಾಕ್ಟರ್ ಬಂತೆಂದರೆ ತಾಯಿ ಮಗ ಇಬ್ಬರೂ ತಾಸುಗಟ್ಟಲೆ ಸುಮ್ಮನೆ ನಿಂತಿರಬೇಕು. ಕೈ ತೋರಿಸಿ ದಾರಿ ಬಿಡಿಸಲು ಅಲ್ಲಿ ಯಾರನ್ನೂ ಹಾಕಿಲ್ಲ.