ವ್ಯಾನು ನಿಂತಲ್ಲಿಂದ ಸೈಕಲ್ಲು

ಮನೆಮನೆಗೆ ಪಾರ್ಸಲ್ ಮುಟ್ಟಿಸುವವನಿಗೆ ದಿನಕ್ಕೊಂದು ಪಜೀತಿ ತಪ್ಪಿದ್ದಲ್ಲ. ಎಂದಾದರೂ ಒಂದು ದಿನ ಏನೂ ಆಗದೆ ಮನೆಗೆ ಬಂದರೆ ನನ್ನ ಹೆಂಡತಿ ಮುಖ ನೋಡಿ, "ಇವತ್ತ ಕೆಲಸಕ್ಕ ಹೋಗಿದ್ದಿಲ್ಲೇನ್ರಿ?" ಎಂದು ಕೇಳುತ್ತಾಳೆ.

ನಾನು ಮೊದಲು ಹಾವೇರಿಯ ಒಂದು ಹತ್ತಿ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಅದು ಮುಚ್ಚಿದ ಮೇಲೆ, ನಲವತ್ತೆಂಟನೇ ವಯಸ್ಸಿನಲ್ಲಿ, ಒಂದು ಕೊರಿಯರ್ ಆಫೀಸಿಗೆ ಸೇರಿದೆ. ಅಲ್ಲಿ ಪಾರ್ಸಲ್ ಹಂಚಲು ವ್ಯಾನ್ ಇತ್ತು, ಆದರೆ ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಎರಡು ಸಲ ಕಲಿಯಲು ಹೋಗಿದ್ದೆ. ಸ್ಟೇರಿಂಗ್ ಹಿಡಿದರೆ ನನ್ನ ಕಾಲು ಬ್ರೇಕ್ ಬಿಟ್ಟು ಮೇಲೇಳುತ್ತಲೇ ಇರಲಿಲ್ಲ. ಹಾಗಾಗಿ ಒಳಗೆ ಕೂತು ಚೀಟಿ ಅಂಟಿಸುವ ಕೆಲಸ ಕೊಟ್ಟರು. ಕೂತಲ್ಲಿ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅರ್ಧ ತಾಸು ಕೂತರೆ ಮೊಣಕಾಲು ತಾವಾಗಿಯೇ ಕುಣಿಯಲು ಶುರು ಮಾಡುತ್ತವೆ, ಜೊತೆಗೆ ಟೇಬಲ್ಲೂ ಕುಣಿಯುತ್ತದೆ. ಎದುರಿಗೆ ಕೂತು ಬರೆಯುವವರು ಅಕ್ಷರ ಸೊಟ್ಟಾಯಿತೆಂದು ಮಾಲೀಕರಿಗೆ ದೂರು ಕೊಟ್ಟರು. ಅಷ್ಟರಲ್ಲಿ ಚೀಟಿ ಅಂಟಿಸಲು ಮಷಿನ್ ಬರುತ್ತದೆಂಬ ಸುದ್ದಿಯೂ ಬಂತು.

ನಾನು ಮಾಲೀಕರ ಮುಂದೆ ಹೋಗಿ ನಿಂತೆ. ವ್ಯಾನು ಹೇಗೂ ಓಣಿಯ ಬಾಯಿಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಮುಂದೆ ಡ್ರೈವರ್ ನಡೆದೇ ಹೋಗಬೇಕು, ಆ ಓಣಿಗಳನ್ನು ನನಗೆ ಕೊಡಿ, ನನ್ನದೊಂದು ಸೈಕಲ್ ಇದೆ ಎಂದೆ. ಅವರು ಮೊದಲು ನಕ್ಕರು. ಆಮೇಲೆ ಒಂದು ತಿಂಗಳು ನೋಡೋಣ ಎಂದರು. ತಿಂಗಳಲ್ಲಿ ಸರಿಬರದಿದ್ದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕಾಗುತ್ತದೆ ಎಂದೂ ಸೇರಿಸಿದರು. ಅವರಿಗೆ ಅದು ತಮಾಷೆಯಾಗಿದ್ದೀತು, ನನಗಲ್ಲ.

೧. ಪೈಪೋಟಿ

ಮೊದಲ ದಿನವೇ ಮಾಲೀಕರು ಹಾವೇರಿಯ ಹಳೇ ಪೇಟೆಯಲ್ಲಿ ಪರೀಕ್ಷೆ ಇಟ್ಟರು. ವ್ಯಾನಿಗೆ ಇಪ್ಪತ್ತು ಪಾರ್ಸಲ್, ನನಗೆ ಇಪ್ಪತ್ತು. ವ್ಯಾನಿನ ಡ್ರೈವರ್ ನನಗಿಂತ ನಾಲ್ಕು ವರ್ಷ ದೊಡ್ಡವರು. ಭೂಕಂಪವಾದರೂ ಎಲೆ ಅಡಿಕೆ ಹಾಕಿಕೊಂಡೇ ಏಳುವಂಥ ಸಮಾಧಾನಿ. ನಾನೋ ಬೆಳಗಿನಿಂದ ಮೂರು ಸಲ ಚೈನಿಗೆ ಎಣ್ಣೆ ಬಿಟ್ಟಿದ್ದೆ.

ಹನ್ನೆರಡೂವರೆಗೆಲ್ಲ ನನ್ನ ಹದಿನಾರು ಪಾರ್ಸಲ್ ಮುಗಿದಿದ್ದವು. ಆಗ ಡ್ರೈವರ್ ಫೋನ್ ಬಂತು. ಎಲ್ಲಿದ್ದೀ, ಸ್ವಲ್ಪ ಲಗೂ ಬಾ ಎಂದರು. ಸೋತರು ಎಂದುಕೊಂಡೆ. ಗೆದ್ದವನು ದೊಡ್ಡ ಮನಸ್ಸು ಮಾಡಬೇಕೆಂದು, ಅವರ ಪಾರ್ಸಲ್‌ಗಳನ್ನೂ ನಾನೇ ಮುಟ್ಟಿಸಿಬಿಡೋಣ ಎಂದು ಸೈಕಲ್ ತಿರುಗಿಸಿದೆ. ಹೋಗಿ ನೋಡಿದರೆ ವ್ಯಾನಿನ ಮುಂದೆ ಗೋವಿನಜೋಳದ ಚೀಲ ಹೇರಿದ ಟ್ರಾಕ್ಟರ್ ಕೆಟ್ಟು ನಿಂತಿದೆ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ. ನಾನು ಪಾರ್ಸಲ್ ಚೀಲಕ್ಕೆ ಕೈ ಹಾಕಿದೆ.

"ಅವು ಇರ್ಲಿ ಬಿಡು," ಎಂದರು ಡ್ರೈವರ್. "ನಮ್ಮ ಮನಿ ಇಲ್ಲೇ ಹಿಂದಿನ ಓಣ್ಯಾಗ ಐತಿ. ಬುತ್ತಿ ಬಿಟ್ಟು ಬಂದೇನಿ. ಅದೊಂದು ತಂದು ಕೊಡು."

ತಂದೆ. ಅವರ ಹೆಂಡತಿ ನನಗೂ ಸೇರಿಸಿ ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಟ್ಟಿದ್ದರು. ವ್ಯಾನಿನಲ್ಲೇ ಕೂತು ಇಬ್ಬರೂ ಉಂಡೆವು. ಟ್ರಾಕ್ಟರ್ ಇನ್ನೂ ಅಲ್ಲೇ ಇತ್ತು. ಡ್ರೈವರ್ ಕೈ ತೊಳೆದುಕೊಂಡು ಹೇಳಿದರು: "ಇದನ್ನೂ ಬರ್ಕೊ. ನಿಂದು ಹದಿನೇಳು ಆತು."

೨. ಕರ್ಜಗಿ ರಸ್ತೆ

ಪರೀಕ್ಷೆಯ ಫಲ ನೋಡಿ ಮಾಲೀಕರಿಗೆ ಹುರುಪು ಬಂತು. ಹಳ್ಳಿಗಳಿಗೂ ಸೈಕಲ್ಲೇ ಸಾಕು ಎಂದುಬಿಟ್ಟರು. ಆಷಾಢದ ಗಾಳಿಯಲ್ಲಿ ನನ್ನನ್ನು ಕರ್ಜಗಿಗೆ ಕಳಿಸಿದರು. ಒಂದೇ ಪಾರ್ಸಲ್, ಔಷಧಿ ಹೊಡೆಯುವ ಪಂಪಿನ ಬ್ಯಾಟರಿ. ಗಾಳಿ ಎದುರಿಗೆ. ತುಳಿದಷ್ಟೂ ಸೈಕಲ್ ಅಲ್ಲೇ ಇರುತ್ತಿತ್ತು, ಫೋನಿನಲ್ಲಿ ಮಾತ್ರ 'ತಡವಾಗಿದೆ' ಎಂದು ಕೆಂಪು ಅಕ್ಷರ ಓಡುತ್ತಿತ್ತು.

ಅರ್ಧ ದಾರಿಯಲ್ಲಿ ಒಂದು ಬೇವಿನ ಗಿಡದ ಕೆಳಗೆ ಉಸಿರು ತಗೊಳ್ಳಲು ನಿಂತೆ. ಎದುರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದವರೊಬ್ಬರು ನನ್ನ ಅವಸ್ಥೆ ನೋಡಿ ನಿಂತು, ನೀರು ಕೊಟ್ಟರು. ಈ ಗಾಳಿಯಲ್ಲಿ ಯಾವ ಪುಣ್ಯಾತ್ಮ ನಿಮ್ಮನ್ನು ಸೈಕಲ್ ಮೇಲೆ ಕಳಿಸಿದ ಎಂದು ಮರುಗಿದರು. ಅವರಿಗೂ ಒಂದು ಸಂಕಟವಿತ್ತು. ಮೂರು ದಿನದಿಂದ ಪಾರ್ಸಲ್ ಬಂದಿಲ್ಲ, ಫೋನ್ ಮಾಡಿದರೆ 'ದಾರ್ಯಾಗ ಐತಿ' ಎನ್ನುತ್ತಾರೆ, ಇವತ್ತು ಆಫೀಸಿಗೇ ಹೋಗಿ ಕೊರಳಪಟ್ಟಿ ಹಿಡಿಯುತ್ತೇನೆ ಎಂದರು. ಹಿಡಿಯಲೇಬೇಕು, ಇಂಥವರಿಗೆ ಹಾಗೇ ಆಗಬೇಕು ಎಂದು ನಾನೂ ದನಿಗೂಡಿಸಿದೆ. ಅವರು ಹಾವೇರಿಯ ಕಡೆ ಹೋದರು, ನಾನು ಕರ್ಜಗಿಯ ಕಡೆ.

ಊರು ಮುಟ್ಟಿ ವಿಳಾಸ ಹುಡುಕಿ ಬಾಗಿಲು ಬಡಿದರೆ, ಮನೆಯಾಕೆ ಯಜಮಾನರು ಆಗಲೇ ನಿಮ್ಮ ಆಫೀಸಿಗೇ ಹೋದರಲ್ಲ ಎಂದರು. ಗೋಡೆಯ ಮೇಲಿನ ಫೋಟೋದಲ್ಲಿ ನನಗೆ ನೀರು ಕೊಟ್ಟವರೇ ನಗುತ್ತಿದ್ದರು.

ಸಂಜೆ ಆಫೀಸಿಗೆ ಬಂದಾಗ ಮಾಲೀಕರ ಮುಖ ಬಾಡಿತ್ತು. ಬೈಯಬೇಕಾದಷ್ಟು ಬೈದಾದ ಮೇಲೆ ಆ ಮನುಷ್ಯ ಬಾಗಿಲಲ್ಲಿ ತಿರುಗಿ ನಿಂತು ಒಂದು ಬುದ್ಧಿಮಾತನ್ನೂ ಹೇಳಿದ್ದರಂತೆ: "ದಾರ್ಯಾಗ ಒಬ್ಬಾಂವ ಸೈಕಲ್ಲಿನಾಂವ ಸಿಕ್ಕಿದ್ದ. ಅಂಥಾವ್ರನ್ನ ಕೆಲಸಕ್ಕ ಇಟ್ಕೋರಿ, ನಿಮ್ಮ ಆಫೀಸು ಸುದ್ದ ಆಗತೈತಿ."

೩. ಗಾದಿ

ಹಳ್ಳಿಗಳು ಮತ್ತೆ ವ್ಯಾನಿಗೆ ಹೋದವು. ನನ್ನ ಸೈಕಲ್ಲನ್ನು ವ್ಯಾನಿನ ಮೇಲೆ ಕಟ್ಟಿಕೊಂಡು ಒಂದು ದಿನ ರಾಣೆಬೆನ್ನೂರು, ಒಂದು ದಿನ ಬ್ಯಾಡಗಿ ಎಂದು ಹೋಗುತ್ತಿದ್ದೆವು. ಊರಿನ ಬಾಯಿಯಲ್ಲಿ ಡ್ರೈವರ್ ನನ್ನನ್ನೂ ಸೈಕಲ್ಲನ್ನೂ ಇಳಿಸಿ ಹಳ್ಳಿಯ ದಾರಿ ಹಿಡಿಯುತ್ತಿದ್ದರು.

ರಾಣೆಬೆನ್ನೂರಿನಲ್ಲಿ ಒಂದು ದಿನ ನನ್ನ ಪಾಲಿಗೆ ಗಾದಿ ಬಂತು. ಈಗಿನ ಗಾದಿಗಳ ಗಾಳಿಯೆಲ್ಲ ಹೀರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚಾಪೆಯಷ್ಟು ಸಣ್ಣ ಮಾಡಿ ಕಳಿಸುತ್ತಾರೆ. ಕ್ಯಾರಿಯರ್ ಮೇಲೆ ಅಡ್ಡ ಹಾಕಿ ಹಗ್ಗ ಬಿಗಿದು ಹೊರಟೆ. ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಚಾಚಿಕೊಂಡಿದ್ದ ಕಬ್ಬಿಣದ ಪಟ್ಟಿ ಹಿಂದೆ ಎಲ್ಲೋ ತಾಗಿದಂತಾಯಿತು. ಸ್ವಲ್ಪ ದೂರ ಹೋಗುವುದರೊಳಗೆ 'ಸ್ಸ್' ಎಂಬ ಸದ್ದು ಕೇಳತೊಡಗಿತು. ಪಂಕ್ಚರ್ ಎಂದುಕೊಂಡೆ. ಇನ್ನೂ ಒಂಬತ್ತು ಮನೆ ಬಾಕಿ. ಇಳಿದು ತಳ್ಳಿಕೊಂಡು, ತಿರುವಿನಲ್ಲಿದ್ದ ಪಂಕ್ಚರ್ ಅಂಗಡಿಗೆ ಓಡಿದೆ.

ಅಂಗಡಿಯ ಅಜ್ಜ ಹಿಂದಿನ ಟಯರ್ ಒತ್ತಿ ನೋಡಿದ, ಮುಂದಿನದು ಒತ್ತಿ ನೋಡಿದ, ವಾಲ್ವಿಗೆ ಉಗುಳು ಹಚ್ಚಿ ನೋಡಿದ. ಎಲ್ಲ ಸರಿ ಇತ್ತು. ಸದ್ದು ಮಾತ್ರ ನಿಲ್ಲಲಿಲ್ಲ. ನಾನು ಹ್ಯಾಂಡಲ್ ಹಿಡಿದು, ಬೇಗ ನೋಡಿ, ಬೇಗ ನೋಡಿ ಎಂದು ನಿಂತಲ್ಲೇ ಹೆಜ್ಜೆ ಬದಲಿಸುತ್ತಿದ್ದೆ. ಬೆನ್ನಿಗೆ ಯಾರೋ ಮೆತ್ತಗೆ ಒತ್ತಿದರು. ಜನ ಸೇರಿದ್ದಾರೆಂದು ಸ್ವಲ್ಪ ಮುಂದೆ ಸರಿದೆ. ಮತ್ತೆ ಒತ್ತಿದರು. ಸ್ವಲ್ಪ ದೂರ ನಿಲ್ಲಿರಪ್ಪಾ ಎಂದು ತಿರುಗಿದರೆ ಹಿಂದೆ ಯಾರೂ ಇಲ್ಲ. ಹಗ್ಗ ಹರಿದುಕೊಂಡ ಗಾದಿ, ಇಬ್ಬರು ಮಲಗುವಷ್ಟು ಅಗಲವಾಗಿ ಎದ್ದು ನಿಲ್ಲುತ್ತಿತ್ತು.

ಅಜ್ಜ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದ: "ಟಯರಿನ ಗಾಳಿ ಹೋಗಿಲ್ಲ ತಮ್ಮಾ. ಗಾದಿಗೆ ಬಂದೈತಿ."

೪. ಒಂದು ತಿಂಗಳು

ತಿಂಗಳು ತುಂಬುವ ದಿನ ನನಗೆ ಊಟ ಇಳಿಯಲಿಲ್ಲ. ಗಾದಿ ಮುಟ್ಟಿದ್ದು ವ್ಯಾನಿನಲ್ಲಿ, ಕರ್ಜಗಿಯ ಬೈಗುಳ ಮಾಲೀಕರಿಗೆ ತಾಗಿದ್ದು ನನ್ನಿಂದ. ಬೆಳಗಿನಿಂದ ಅವರ ಕೋಣೆಯ ಮುಂದೆ ಹತ್ತು ಸಲ ಹಾದುಹೋದೆ. ಅವರು ತಲೆ ಎತ್ತಲಿಲ್ಲ. ಕೊನೆಗೆ ತಡೆಯಲಾರದೆ ಒಳಗೆ ಹೋಗಿ, ಇವತ್ತಿಗೆ ತಿಂಗಳಾಯಿತು, ನನ್ನ ವಿಷಯ ಏನು ಮಾಡಿದಿರಿ ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ನೋಡಿದರು. "ಯಾವ ತಿಂಗಳು?" ಎಂದರು. "ಓಣ್ಯಾಗಿನ ಮಂದಿ ನಿಮ್ಮ ಗಂಟಿ ಕೇಳಿ ಹೊರಗ ಬರಾಕತ್ತಾರ. ಹೋಗ್ರಿ, ಬ್ಯಾಡಗಿ ಚೀಲ ತಯಾರ್ ಐತಿ."

೫. ಬ್ಯಾಡಗಿ

ಆರೇಳು ತಿಂಗಳು ಕಳೆದು ಮೆಣಸಿನಕಾಯಿಯ ಸುಗ್ಗಿ ಬಂತು. ಆ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗುವುದಾದರೆ ವ್ಯಾನೇ ಸರಿ. ಗಾಜು ಏರಿಸಿಕೊಂಡು ಹೋಗಬಹುದು. ನಾನು ಮಾರ್ಕೆಟ್ಟಿನ ಪಕ್ಕದಿಂದ, ಚೀಲ ಸುರಿಯುತ್ತಿದ್ದ ಹೊತ್ತಿನಲ್ಲಿ, ಸೈಕಲ್ ತುಳಿದುಕೊಂಡು ಹೋದೆ. ಘಾಟು ಮೂಗಿಗೆ ಏರಿತು. ಕಣ್ಣಲ್ಲಿ ಧಾರಾಕಾರ ನೀರು, ಗಂಟಲು ಕಟ್ಟಿತು. ಆದರೂ ಪಾರ್ಸಲ್ ನಿಲ್ಲಿಸುವಂತಿರಲಿಲ್ಲ. ಒಂದು ಮನೆಯ ಮುಂದೆ ಇಳಿದು ಬಾಗಿಲು ಬಡಿದೆ.

ಆ ಮನೆಯ ಸೊಸೆ ಬಾಗಿಲು ತೆರೆದರು. ಪಾರ್ಸಲ್ ಅವರ ಮಾವನ ಹೆಸರಿಗಿತ್ತು, ಅವರ ಫೋನಿಗೆ ಬಂದ ನಂಬರ್ ಹೇಳಿದರೆ ಮಾತ್ರ ಕೊಡಬೇಕು. ಮುಖ ಒರೆಸಿಕೊಳ್ಳಲು ತಲೆಯ ಟೋಪಿ ತೆಗೆದು, "ಅವ್ವಾರ, ನಿಮ್ಮ ಮಾವಾರು..." ಎಂದೆ. ಮುಂದಿನ ಮಾತು ಬರಲಿಲ್ಲ, ಬಿಕ್ಕಳಿಕೆ ಬಂತು.

ಮಾವನವರು ಬೆಳಿಗ್ಗೆ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಒಬ್ಬರೇ ಹೋಗಿದ್ದರಂತೆ. ಅದು ನನಗೇನು ಗೊತ್ತು? ಆಕೆ ನನ್ನ ಕೈಯಲ್ಲಿನ ಟೋಪಿ ನೋಡಿದರು, ಕಣ್ಣು ನೋಡಿದರು, ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತು ಅಳತೊಡಗಿದರು. ನಾನು ಕೈ ಆಡಿಸಿ 'ಪಾ... ಪಾ...' ಎಂದೆ. ಅದು 'ಪಾಪ' ಎಂದು ಕೇಳಿಸಿತು. ಒಳಗಿದ್ದ ಹೆಂಗಸರೂ ಅಳಲು ಶುರು ಮಾಡಿದರು. ಅಕ್ಕಪಕ್ಕದವರು ಓಡಿ ಬಂದರು. ಎಲ್ಲರಿಗಿಂತ ಹೆಚ್ಚು ಕಣ್ಣೀರು ಸುರಿಸುತ್ತಿದ್ದವನು ನಾನೇ ಆದ್ದರಿಂದ ನನ್ನನ್ನೇ ಹತ್ತಿರದ ಸಂಬಂಧಿ ಎಂದುಕೊಂಡು ಎದುರು ಮನೆಯ ಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಬೆನ್ನು ಸವರಿದರು. ನೀವೇ ಹೀಗಾದರೆ ಉಳಿದವರಿಗೆ ಯಾರು ಧೈರ್ಯ ಹೇಳಬೇಕು ಎಂದರು.

ಅಷ್ಟರಲ್ಲಿ ಹಣೆಗೆ ಸಿಂಧೂರ ಹಚ್ಚಿಕೊಂಡ ಒಬ್ಬ ಹಿರಿಯರು ಕೈಯಲ್ಲಿ ತೆಂಗಿನಕಾಯಿಯ ಹೋಳು ಹಿಡಿದು ಓಣಿಯಲ್ಲಿ ಬಂದರು. ಗುಂಪು ಬಾಗಿಲ ಕಡೆ ಮುಖ ಮಾಡಿದ್ದರಿಂದ ಯಾರೂ ಅವರನ್ನು ನೋಡಲಿಲ್ಲ. ಅವರು ಸದ್ದಿಲ್ಲದೆ ಚಪ್ಪಲಿ ಬಿಟ್ಟು, ನನ್ನ ಪಕ್ಕದಲ್ಲಿ ಕೂತರು. ಹೆಗಲ ಮೇಲಿನ ವಸ್ತ್ರದಿಂದ ತಮ್ಮ ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದು, ಮೆಲ್ಲಗೆ "ಯಾರ್ರಿ?" ಎಂದು ಕೇಳಿದರು.

ಆಗಷ್ಟೇ ನನಗೆ ದನಿ ಬಂದಿತ್ತು. ಪಾರ್ಸಲ್ ಯಾರದೆಂದು ಕೇಳುತ್ತಿದ್ದಾರೆ, ಕೊನೆಗೂ ಒಬ್ಬರು ಸರಿಯಾಗಿ ವಿಚಾರಿಸಿದರಲ್ಲ ಎಂದು ಖುಷಿಯಾಗಿ, ಡಬ್ಬಿಯ ಮೇಲಿನ ಹೆಸರನ್ನು ತಂದೆಯ ಹೆಸರು, ಅಡ್ಡಹೆಸರು ಸಮೇತ ಓದಿ ಹೇಳಿದೆ.

ಹಿರಿಯರು ತೆಂಗಿನಕಾಯಿಯ ಹೋಳನ್ನು ಪಕ್ಕಕ್ಕಿಟ್ಟು ಕೈ ಮುಗಿದರು. ಆಮೇಲೆ ಹೇಳಿದರು:

"ನನ್ನ ಹೆಸರಿನಾಂವನ ಇದ್ದ ನೋಡ್ರಿ. ವಯಸ್ಸು ಭಾಳ ಆಗಿತ್ತೇನು?"