ಅತ್ತೆಯ ಸಿನಿಮಾದ ಕೊನೆಯಲ್ಲಿ ಬಂದವನು

ನಾನು ಒಂದು ಕಡೆ ಸುಮ್ಮನೆ ಕೂರಬಲ್ಲ ಮನುಷ್ಯನಲ್ಲ. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದಾಗಲೇ ನನಗೆ ಪಕ್ಕದ ಗೋಡೆಯ ಕ್ಯಾಲೆಂಡರ್ ನೋಡಬೇಕೆನಿಸುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವುದರಿಂದ ಈ ಚಡಪಡಿಕೆಗೆ ಸಂಬಳವೂ ಸಿಗುತ್ತದೆ. ಯಂತ್ರದಿಂದ ಯಂತ್ರಕ್ಕೆ ಓಡಾಡುವವನನ್ನು ಅಲ್ಲಿ ಚುರುಕಿನ ಮನುಷ್ಯ ಅನ್ನುತ್ತಾರೆ. ಮನೆಯಲ್ಲಿ ಅನ್ನುವುದೇ ಬೇರೆ. ಇಂಥ ನನ್ನನ್ನು ಒಂದು ಭಾನುವಾರ ಮಧ್ಯಾಹ್ನ ಜಾಲಹಳ್ಳಿಯ ಸಣ್ಣ ಸಭಾಂಗಣದಲ್ಲಿ ಕಲಾತ್ಮಕ ಸಿನಿಮಾ ನೋಡಲು ಕೂರಿಸಿದರು.

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಿರ್ದೇಶಕ ನನ್ನ ಹೆಂಡತಿ ಸುಮಳ ತಮ್ಮ ಪ್ರದೀಪ. ಮದುವೆ, ನಾಮಕರಣಗಳ ವಿಡಿಯೋ ತೆಗೆದು ಬದುಕುವವನು. ಇದು ಅವನ ಮೊದಲ ಸಿನಿಮಾ. ನಾಯಕಿ ಅವನ ತಾಯಿ, ಅಂದರೆ ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ. ಚಿತ್ರೀಕರಣ ನಡೆದದ್ದು ನಮ್ಮ ಮನೆಯ ಹಜಾರದಲ್ಲೇ. ಮಧ್ಯದಲ್ಲಿ ಎದ್ದು ಹೋಗಕೂಡದು, ನೀವೆದ್ದರೆ ಉಳಿದವರೂ ಏಳುತ್ತಾರೆ, ಅಮ್ಮ ಆಮೇಲೆ ತಲೆಯೆತ್ತಿ ಓಡಾಡುವ ಹಾಗಿರುವುದಿಲ್ಲ ಎಂದು ಸುಮ ದಾರಿಯುದ್ದಕ್ಕೂ ಹೇಳಿದ್ದಳು. ಅತ್ತೆ ರೇಷ್ಮೆ ಸೀರೆ ಉಟ್ಟು ನನ್ನ ಪಕ್ಕದಲ್ಲೇ ಕೂತಿದ್ದರು.

ಪರದೆಯ ಮೇಲೂ ಅತ್ತೆ ಕೂತೇ ಇದ್ದರು, ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಾಗಿಲ ಕಡೆ ನೋಡುತ್ತಾ. ಯಾರೋ ಬರಬೇಕು. ಯಾರೆಂದು ಸಿನಿಮಾ ಹೇಳುವುದಿಲ್ಲ. ಫ್ಯಾನ್ ತಿರುಗಿತು. ಕುಕ್ಕರ್ ಕೂಗಿತು. ಅತ್ತೆ ಎದ್ದು ಒಳಗೆ ಹೋದರೆ ಕ್ಯಾಮೆರಾ ಮಾತ್ರ ಖಾಲಿ ಕುರ್ಚಿಯನ್ನೇ ನೋಡುತ್ತಾ ನಿಂತಿತು. ನನ್ನ ಮೊಣಕಾಲು ತಾನಾಗಿ ಕುಣಿಯತೊಡಗಿತು; ಸುಮ ಅದರ ಮೇಲೆ ಕೈಯಿಟ್ಟು ಒತ್ತಿದಳು. ಅತ್ತೆ ವಾಪಸು ಬಂದು ಕೂತರು. ಹೊರಗೆ ಹೆಜ್ಜೆ ಸದ್ದು ಹತ್ತಿರವಾಯಿತು, ಹಾಗೆಯೇ ದಾಟಿ ಹೋಯಿತು. ಹಿಂದಿನ ಸಾಲಿನ ಇಬ್ಬರು ಮೆಲ್ಲಗೆ ಎದ್ದು ಹೊರಬಿದ್ದರು. ನನ್ನ ಪಕ್ಕದ ಅತ್ತೆ ತಿರುಗಿ ಅವರನ್ನು ನೋಡಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದರು. ಆ ಮುಖ ನೋಡಿದ ಮೇಲೆ ನನಗೆ ಏಳಲಾಗಲಿಲ್ಲ. ಅಷ್ಟೇ ಅಲ್ಲ, ನಾನೂ ಅಷ್ಟರಲ್ಲಿ ಆ ಬಾಗಿಲಿಗೆ ಸಿಕ್ಕಿಬಿದ್ದಿದ್ದೆ. ಯಾರಾದರೂ ಬರಲಪ್ಪಾ, ಕಳ್ಳನಾದರೂ ಸರಿ, ಸಿಲಿಂಡರ್ ತರುವವನಾದರೂ ಸರಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಕೊನೆಗೂ ಗೇಟು ಕಿರ್ರೆಂದಿತು. ಬಾಗಿಲಲ್ಲಿ ನೆರಳು ಬಿತ್ತು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಒಳಗೆ ಬಂದವನು ನಾನು. ಕಾರ್ಖಾನೆಯ ನೀಲಿ ಯೂನಿಫಾರಂ, ಕೈಯಲ್ಲಿ ಊಟದ ಡಬ್ಬಿ. ಯಾರನ್ನೂ ನೋಡದೆ ಸೊಂಟ ಕೆರೆದುಕೊಳ್ಳುತ್ತಾ ಹಜಾರ ದಾಟಿ ಹೋದೆ. ಅತ್ತೆ ನಿಧಾನವಾಗಿ ಎದ್ದು ನನ್ನ ಹಿಂದೆಯೇ ಬಂದರು. ಸಿನಿಮಾ ಮುಗಿಯಿತು. ಆವತ್ತು ಶಿಫ್ಟ್ ಬೇಗ ಬಿಟ್ಟಿತ್ತು; ಕ್ಯಾಮೆರಾ ಓಡುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಪೇಚಾಡಿಕೊಂಡಿದ್ದಕ್ಕೆ ಪ್ರದೀಪ "ಪರವಾಗಿಲ್ಲ ಬಿಡಿ ಭಾವ" ಎಂದಿದ್ದ. ಆ ತುಣುಕನ್ನು ಕಿತ್ತು ಹಾಕಿರುತ್ತಾನೆ ಎಂದುಕೊಂಡಿದ್ದೆ.

ಆಮೇಲೆ ಸಂವಾದ. ಮುಂದಿನ ಸಾಲಿನ ಮೇಷ್ಟ್ರೊಬ್ಬರು ಎದ್ದು, ಕೊನೆಯಲ್ಲಿ ಬರುವ ವ್ಯಕ್ತಿ ಸಾವಿನ ಸಂಕೇತ, ಆದ್ದರಿಂದಲೇ ಅವನ ಮುಖದಲ್ಲಿ ಯಾವ ಕಳೆಯೂ ಇಲ್ಲ ಎಂದು ವಿವರಿಸಿದರು. ಹಲವರು ತಲೆದೂಗಿದರು. ಪ್ರದೀಪನೂ ಅಲ್ಲವೆನ್ನಲಿಲ್ಲ. ನಾನು ಕುರ್ಚಿಯಲ್ಲಿ ಆದಷ್ಟು ಕೆಳಕ್ಕೆ ಜಾರಿದೆ. ಆಗ ಅತ್ತೆ ಎದ್ದು ನಿಂತು ಮೈಕು ಕೇಳಿ ಇಸಿದುಕೊಂಡರು.

"ಸಾವು ಗೀವು ಅಲ್ಲ ಸಾರ್, ಅವ್ರು ನಮ್ಮ ಅಳಿಯಂದ್ರು. ಮಿಷನ್ನುಗಳ ಮಧ್ಯದಾಗೆ ಕೆಲ್ಸ. ದಿನಾ ಅವ್ರು ಗೇಟು ತೆಗೆಯೋಗಂಟ ನಾನು ಇಂಗೇ ಕೂತಿರ್ತೀನಿ. ನನ್ ಮಗ ಅದ್ನೇ ತೆಗ್ದವ್ನೆ."

ಮೊದಲು ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಮೇಷ್ಟ್ರು ಕೂಡ. ಅತ್ತೆ ಸಂಜೆ ಹೊತ್ತು ಅಲ್ಲಿ ಗಾಳಿಗೆ ಕೂರುತ್ತಾರೆಂದೇ ನಾನು ಇಷ್ಟು ದಿನ ತಿಳಿದಿದ್ದೆ. ಮನೆಗೆ ಹೋಗುವಾಗ ಏನಾದರೂ ಹೇಳಬೇಕೆನಿಸಿತು. ಕಾಫಿ ಕುಡಿಯುತ್ತೀರಾ ಎಂದು ಕೇಳಿದೆ.

ಮುಂದಿನ ಭಾನುವಾರ ಇನ್ನೊಂದು ಪ್ರದರ್ಶನವಿತ್ತು. ಯಾರೂ ಕರೆಯದಿದ್ದರೂ ಕಾರ್ಖಾನೆಯ ಗೆಳೆಯರನ್ನು ಎಳೆದುಕೊಂಡು ಹೋದೆ, ಅಲುಗಾಡದೆ ಕೂತು ನೋಡಿದೆ. ಹೊರಗೆ ಬಂದು ಪ್ರದೀಪನ ಹೆಗಲ ಮೇಲೆ ಕೈಯಿಟ್ಟು ನನ್ನದೊಂದೇ ತಕರಾರು ಹೇಳಿದೆ: ಅತ್ತೆ ಕಾಯುವುದೆಲ್ಲ ಸರಿಯಾಗಿಯೇ ಇದೆ, ನಾನು ಬಂದು ಹೋಗುವುದು ಮಾತ್ರ ತೀರಾ ಬೇಗ ಮುಗಿದುಬಿಡುತ್ತದೆ, ಅಲ್ಲಿ ಕ್ಯಾಮೆರಾ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.