ಕೊನೆಯ ಚೌಕದ ಕೆಳಗೆ

ಹೆಂಡತಿಯ ಮೇಲಿನ ಸಿಟ್ಟನ್ನು ಹೆಂಡತಿಯ ಮುಂದೆ ತೋರಿಸಲಾಗದ ಗಂಡಸರು ಏನೇನೋ ಮಾಡುತ್ತಾರೆ. ತಿಕೋಟಾದ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಸತೀಶಕುಮಾರ ಕಾಮಿಕ್ ಬರೆಯುತ್ತಿದ್ದ. ವಿಜಯಪುರದ ಮನೆಯಲ್ಲಿ ಕೂತು ಟ್ಯಾಬಿನ ಮೇಲೆ ಗೀಚಿ, ಭಾನುವಾರ ಬೆಳಿಗ್ಗೆ ಇಂಟರ್ನೆಟ್ಟಿಗೆ ಏರಿಸುತ್ತಿದ್ದ ಅವನ 'ಮಾಸ್ತರನ ಸಂಸಾರ'ಕ್ಕೆ ನಾಲ್ಕು ಸಾವಿರ ಓದುಗರಿದ್ದರು. ಅದರಲ್ಲಿ ಮಾಸ್ತರ ಮಹಾಜ್ಞಾನಿ. ಅವನ ಹೆಂಡತಿಗೆ ಒಂದು ತುರುಬು, ಮುಖದ ತುಂಬ ಬಾಯಿ. (ಕಣ್ಣು ಮೂಗಿಗೆ ಜಾಗ ಉಳಿದಿರಲಿಲ್ಲ.) ತನ್ನ ಈ ಕಲಾಸೇವೆಯ ಸುಳಿವು ಹೆಂಡತಿ ಶೈಲಶ್ರೀಗೆ ಇಲ್ಲವೇ ಇಲ್ಲ ಎಂದು ಅವನು ನಂಬಿದ್ದ.

ಕಥೆ ಮುಗಿದ ಮೇಲೂ ಪರದೆಯನ್ನು ಸರಿಸುತ್ತ ಕೆಳಗೆ ಹೋದವರಿಗೆ ಒಂದು ಪುಟ್ಟ ಚಿತ್ರ ಸಿಗುತ್ತಿತ್ತು. ಅದು ಬೋನಸ್. ಒಂದು ಭಾನುವಾರ ಮೈಗಳ್ಳತನದಿಂದ ಅವನು ಬೋನಸ್ ಬರೆಯಲೇ ಇಲ್ಲ. ಮಧ್ಯಾಹ್ನ ನೋಡಿದರೆ ಓದುಗರೆಲ್ಲ ಬೋನಸ್ಸನ್ನೇ ಹೊಗಳುತ್ತಿದ್ದರು.

ಕೆಳಗೆ ಸರಿಸಿದ. ಚಿತ್ರವಿತ್ತು. ಗೆರೆಯೂ ಅವನದೇ. ಮಾಸ್ತರ ಸ್ಟೂಲು ಹತ್ತಿ, ಮೇಲಿನ ಡಬ್ಬಿಯಿಂದ ಶೇಂಗಾ ಹೋಳಿಗೆ ಕದ್ದು ತಿನ್ನುತ್ತಿದ್ದ. ಶುಕ್ರವಾರ, ಮನೆಯಲ್ಲಿ ಯಾರೂ ಇಲ್ಲದಾಗ ಸತೀಶಕುಮಾರ ಮಾಡಿದ್ದೂ ಅದನ್ನೇ. ಚಿತ್ರದಲ್ಲಿ ಅಡುಗೆಮನೆಯ ಬಾಗಿಲ ಬಳಿ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದಳು.

ತಕ್ಷಣ ಪಾಸ್‌ವರ್ಡ್ ಬದಲಿಸಿದ. ಮರೆಯಬಾರದೆಂದು ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬದಲಿಸಿದ. ಶೈಲಶ್ರೀ ಪಕ್ಕದಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

"ಮಾರಿ ಯಾಕ್ರಿ ಬೆಳ್ಳಗಾಗೇತಿ?"

"ಉಳ್ಳಾಗಡ್ಡಿ ಘಾಟು."

ಮಂಗಳವಾರ ಅವಳು ಬಬಲೇಶ್ವರದ ತವರಿಗೆ ಹೋದಳು. ಮುಂದಿನ ಭಾನುವಾರ ಅವನು ಎರಡೆರಡು ಸಲ ಪರೀಕ್ಷಿಸಿ, ಬೋನಸ್ ಇಲ್ಲದೆಯೇ ಕಥೆ ಏರಿಸಿದ. ಅರ್ಧ ತಾಸಿನಲ್ಲಿ ಬೋನಸ್ ಬಂತು. ತಿಕೋಟಾದ ಬಸ್ ಸ್ಟ್ಯಾಂಡು. ಮಾಸ್ತರ ಒಂದು ಕೈಯಲ್ಲಿ ಗಿರಮಿಟ್ಟಿನ ಪೊಟ್ಟಣ, ಇನ್ನೊಂದರಲ್ಲಿ ಫೋನು ಹಿಡಿದು "ಮೀಟಿಂಗಿನ್ಯಾಗ ಅದೇನಿ" ಎನ್ನುತ್ತಿದ್ದಾನೆ. ಬುಧವಾರ ಅವನು ಅಲ್ಲಿಂದಲೇ ಫೋನಿನಲ್ಲಿ ಹೆಂಡತಿಗೆ ಹೇಳಿದ ಮಾತು ಅದೇ. ಸೆರಗಿನ ಹೆಂಗಸು ಈಗ ಅವನ ಬೆನ್ನಿಗೇ ಇದ್ದಳು. ಅವಳ ಕೈ ಅವನ ಹೆಗಲಿಗೆ ಒಂದು ಗೇಣು ದೂರದಲ್ಲಿತ್ತು.

ಹೆಂಡತಿ ಊರಲ್ಲಿಲ್ಲ. ಮನೆಯಲ್ಲಿ ಅವನೊಬ್ಬನೇ. ಕರೆಂಟು ಹೋಯಿತು, ಫ್ಯಾನು ನಿಧಾನವಾಗಿ ನಿಂತಿತು. ಬಿಸಿಲಲ್ಲಿ ಓಣಿಯೂ ಸದ್ದಡಗಿ ಬಿದ್ದಿತ್ತು. ಅವನು ನೋಡುತ್ತಿದ್ದಂತೆಯೇ ಕೆಳಗೆ ಇನ್ನೊಂದು ಚಿತ್ರ ಮೂಡಿತು. ಕುರ್ಚಿಯಲ್ಲಿ ಕೂತು ಟ್ಯಾಬ್ ನೋಡುತ್ತಿರುವ ಮಾಸ್ತರ. ಕುರ್ಚಿಗೆ ತಾಗಿಕೊಂಡೇ ಅವಳು.

ಹಿಂದೆ ಸೀರೆ ಸರಿದ ಸಪ್ಪಳವಾಯಿತು. ಹೆಗಲ ಮೇಲೆ ಕೈ ಬಿತ್ತು.

ಸತೀಶಕುಮಾರ ತಿರುಗಲಿಲ್ಲ. ಕಣ್ಣು ಮುಚ್ಚಿ ಕೈಜೋಡಿಸಿದ. "ಯವ್ವಾ, ನೀ ಯಾರರ ಇರು, ತಪ್ಪಾತು. ಹೋಳಿಗಿ ಇಲಿ ತಿಂದಿಲ್ಲ, ನಾ ತಿಂದೇನಿ. ಅತ್ತಿ ಹಳೆ ಸೀರಿ ಹೊಲಿದು ಕೊಟ್ಟ ಕೌದಿ ಕಳುವಾಗಿಲ್ಲ, ಸಾಲಿ ಜವಾನಗ ಕೊಟ್ಟೇನಿ. ಹೇಣ್ತಿ ಚಿತ್ರ ಕೆಟ್ಟದಾಗಿ ಬರದೇನಿ. ಇನ್ನ ಬರಿಯಂಗಿಲ್ಲ."

"ಕೌದಿದು ನನಗ ಗೊತ್ತಿರಲಿಲ್ಲ ನೋಡ್ರಿ."

ಕಣ್ಣು ತೆರೆದ. ಬಗಲಲ್ಲಿ ಬ್ಯಾಗು, ಬಿಸಿಲಿಗೆ ತಲೆಯ ಮೇಲೆ ಸೆರಗು, ಕೈಯಲ್ಲಿ ಫೋನು. ಶೈಲಶ್ರೀ ನಿಂತಿದ್ದಳು.

"ನೀನ ಏನು ಬರದಾಕಿ?"

"ಮತ್ತ್ಯಾರು? ಕಡೀದು ಬಸ್ಸಿನ್ಯಾಗ ಬರಕೋತ ಬಂದು ಬಾಗಲಾಗ ನಿಂತು ಏರಿಸಿದೆ. ನಿಮ್ಮ ಗೆರಿ ಕಲಿಯಾಕ ಎರಡ ದಿನ ಸಾಕಾತು."

"ಹೋಳಿಗಿದು ಹೆಂಗ ಗೊತ್ತಾತು?"

"ಸ್ಟೂಲಿನ ಮ್ಯಾಲ ನಿಮ್ಮ ಹೆಜ್ಜಿ ಮೂಡಿತ್ತು. ಬುಧವಾರ ಫೋನಿನ್ಯಾಗ ಬಸ್ಸಿನ ಹಾರ್ನು, ಮಿರ್ಚಿ ಕರಿಯೂ ಸಪ್ಪಳ ಕೇಳತಿತ್ತು. ಯಾವ ಮೀಟಿಂಗಿನ್ಯಾಗ ಮಿರ್ಚಿ ಕರೀತಾರ್ರಿ?"

ಅವನಿಗೆ ಜೀವ ಬಂದಂತಾಯಿತು. "ಅಲ್ಲಬೇ, ಆ ಹೆಣ್ಮಗಳಿಗೆ ಮಾರೀನ ಇಲ್ಲಲ್ಲ. ನೋಡಿ ಎದಿ ಧಸಕ್ಕಂತು."

ಶೈಲಶ್ರೀ ಬ್ಯಾಗು ಇಳಿಸಿದಳು. "ನಿಮ್ಮ ಚಿತ್ರದಾಗ ಎರಡು ವರ್ಷದಿಂದ ನನಗ ಮಾರಿ ಐತೇನು? ಬರೇ ಬಾಯಿ ಐತಿ. ನೀವು ಬರದಿಲ್ಲ, ಅದಕ್ಕ ನಾನೂ ಬರೀಲಿಲ್ಲ."

ಸತೀಶಕುಮಾರ ಟ್ಯಾಬನ್ನು ಮಗುಚಿ ಇಟ್ಟ.

"ಇನ್ನ ಮ್ಯಾಲಿನ ಕಥಿ ನಾ ಬರೀತೇನಿ," ಎಂದಳು ಅವಳು. "ಕೆಳಗ ಬೋನಸ್ ನೀವು ಬರೀರಿ. ಒಂದ ಚಿತ್ರ. ನನ್ನ ಮಾರಿ."

ಇಷ್ಟು ಸಣ್ಣ ಶಿಕ್ಷೆಯೇ ಎಂದು ಖುಷಿಯಿಂದ ಸತೀಶಕುಮಾರ ಪೆನ್ನು ಹಿಡಿದ. ಮುಖದ ಗುಂಡು ಬಂತು. ತುರುಬು ಬಂತು. ಕಿವಿಯೋಲೆಯೂ ಬಂತು. ಆಮೇಲೆ ಕೈ ನಿಂತಿತು. ಹುಬ್ಬುಗಳು ಕೂಡಿಕೊಂಡಿವೆಯೋ ಬಿಡಿಯೋ? ಮಚ್ಚೆ ಎಡಗೆನ್ನೆಗೋ ಬಲಗೆನ್ನೆಗೋ? ಹನ್ನೊಂದು ವರ್ಷಗಳನ್ನು ತಡಕಾಡಿದ. ಒಲೆಯ ಮುಂದೆ, ನಳದ ಬಳಿ, ಬಸ್ಸಿನ ಮುಂದಿನ ಸೀಟಿನಲ್ಲಿ, ನೆನಪಾದಲ್ಲೆಲ್ಲ ಅವಳು ಬೆನ್ನು ತಿರುಗಿಸಿಯೇ ಇದ್ದಳು. ನಡುಹಗಲಿನಲ್ಲಿ, ಸ್ವಂತ ಮನೆಯಲ್ಲಿ, ಅವನ ಮೈ ಮತ್ತೆ ಜುಮ್ಮೆಂದಿತು.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅವಳು ಪಾತ್ರೆ ತಿಕ್ಕುತ್ತಿದ್ದಳು.

"ಶೈಲಾ, ಒಂದೀಟ ಈ ಕಡೆ ನೋಡಬೇ."

"ಹನ್ನೊಂದು ವರ್ಷ ನೋಡೀರಲ್ರಿ. ಹಂಗ ಬರೀರಿ," ಎಂದಳು, ತಿರುಗದೆ.

ಮುಂದಿನ ಭಾನುವಾರ ಅವಳ ಕಥೆ ಮೇಲೆ ಹೋಯಿತು. ಕೆಳಗೆ ಅವನ ಬೋನಸ್: ಒಂದು ಗುಂಡು, ಒಂದು ತುರುಬು, ಎರಡು ಕಿವಿಯೋಲೆ. ಮಧ್ಯಾಹ್ನದ ಹೊತ್ತಿಗೆ ಓದುಗರೊಬ್ಬರು ಬರೆದಿದ್ದರು: "ಮಾಸ್ತರ ಕೊನೆಗೂ ಚಿತ್ರ ಬರೆಯಲು ಕಲಿತಿದ್ದಾರೆ, ಅಭಿನಂದನೆ. ಆದರೆ ಬೋನಸ್ ಬರೆಯುವ ಹೊಸಬನನ್ನು ದಯವಿಟ್ಟು ತೆಗೆದುಹಾಕಿ." ಅದನ್ನು ನಾನೂರು ಜನ ಮೆಚ್ಚಿದ್ದರು. ಶೈಲಶ್ರೀಯೂ ಮೆಚ್ಚಿದ್ದಳು.